ಸೊನ್ನೆ ಪಡೆದ ಹುಡುಗಿಯ ಪರವಾಗಿ

ಪತ್ರದ ಸಾರ: ಹೆಸರು ಪ್ರಕಟಿಸಬೇಡಿ ಎಂದು ಕೋರಿ ನಿವೃತ್ತ ಜೀವಶಾಸ್ತ್ರ ಅಧ್ಯಾಪಕರೊಬ್ಬರು ಬರೆದಿದ್ದಾರೆ. "ಪ್ರಾಣಿಪ್ರಯೋಗದ ವಿರುದ್ಧ ನಿಮ್ಮ ಪತ್ರಿಕೆ ಮೇಲಿಂದ ಮೇಲೆ ಬರೆಯುತ್ತಿದೆ. ಹದಿನೆಂಟು ವರ್ಷಗಳಿಂದ ನಾನು ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದೇನೆ. ಪ್ರಯೋಗಕ್ಕೆ ಒಳಗಾದ ಆ ನಾಯಿಗಳ ಋಣ ನನ್ನ ಮೇಲಿದೆ. ಬೇರೆ ವಿಧಾನ ಸಿಕ್ಕಾಗ ವಿಜ್ಞಾನಿಗಳು ತಾವಾಗಿಯೇ ಪ್ರಾಣಿಗಳನ್ನು ಬಿಡುತ್ತಾರೆ. ಫಲಕ ಹಿಡಿದು ನಿಂತವರಿಂದ ವಿಜ್ಞಾನ ಬೆಳೆಯುವುದಿಲ್ಲ. ನನ್ನ ಸೇವಾವಧಿಯಲ್ಲಿ ಒಬ್ಬಳೇ ಒಬ್ಬಳು ಕಪ್ಪೆ ಸೀಳುವುದಿಲ್ಲ ಎಂದಳು. ಆ ಪ್ರಯೋಗಕ್ಕೆ ಸೊನ್ನೆ ಕೊಟ್ಟೆ. ಭಾವುಕತೆಗೂ ಬೆಲೆ ತೆರಬೇಕೆಂದು ಅವಳು ಅಂದು ಕಲಿತಳು."

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಕ್ಷರ ಮುತ್ತು ಪೋಣಿಸಿದ ಹಾಗಿದೆ, ವಾದವೂ ಅಷ್ಟೇ ಅಚ್ಚುಕಟ್ಟು. ಆದರೆ ಆ ಹುಡುಗಿಯ ಮಾತು ಬಂದಲ್ಲಿ ಎರಡು ಸಲವೂ ನಿಂತುಬಿಟ್ಟೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಇನ್ಸುಲಿನ್ ವಿಷಯದಲ್ಲಿ ನೀವು ಹೇಳಿದ್ದು ನಿಜ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಮೇದೋಜೀರಕ ಗ್ರಂಥಿಯನ್ನು ತೆಗೆದು, ಗ್ರಂಥಿಯ ಸಾರ ಚುಚ್ಚಿ ನೋಡಿಯೇ ಆ ದಾರಿ ಕಂಡದ್ದು. ಪ್ರಾಣಿಪ್ರಯೋಗದಿಂದ ಮನುಷ್ಯನಿಗೆ ಎಂದೂ ಏನೂ ಸಿಕ್ಕಿಲ್ಲ ಎಂದು ಬರೆದು ಕಳಿಸುವವರೂ ಇದ್ದಾರೆ. ಆ ಸುಳ್ಳನ್ನು ನಾವು ಅಚ್ಚು ಹಾಕುವುದಿಲ್ಲ. ಆದರೆ ನೀವು ಕಥೆಯನ್ನು 1921ರಲ್ಲೇ ನಿಲ್ಲಿಸಿದಿರಿ. ದಿನವೂ ನೀವು ಎಣಿಸುವ 'ಯೂನಿಟ್' ಹುಟ್ಟಿದ್ದು ಮೊಲದ ಮೈಯಲ್ಲಿ. ಉಪವಾಸ ಕೆಡವಿದ ಸುಮಾರು 2 ಕಿಲೋ ತೂಕದ ಮೊಲದ ರಕ್ತದ ಸಕ್ಕರೆಯನ್ನು ಫಿಟ್ಸ್ ಬರುವ ಮಟ್ಟಕ್ಕೆ ಇಳಿಸಲು ಎಷ್ಟು ಬೇಕೋ ಅಷ್ಟು, ಮೊದಲಿಗೆ ಅದೇ ಒಂದು ಯೂನಿಟ್. ಇಂದು ಇನ್ಸುಲಿನ್‌ನ ಬಲವನ್ನು ದ್ರವದ ಅಂಶಗಳನ್ನು ಬೇರ್ಪಡಿಸಿ ತೋರಿಸುವ ಕ್ರೊಮ್ಯಾಟೊಗ್ರಫಿ ಯಂತ್ರ ಅಳೆಯುತ್ತದೆ. ಔಷಧವೂ ಹಾಗೆಯೇ. ದಶಕಗಳ ಕಾಲ ಹಸು, ಹಂದಿಗಳ ಗ್ರಂಥಿಯಿಂದ ಬರುತ್ತಿದ್ದದ್ದು 1978ರಲ್ಲಿ ಬ್ಯಾಕ್ಟೀರಿಯಾದೊಳಗೆ ತಯಾರಾಯಿತು, 1982ರಲ್ಲಿ ರೋಗಿಗಳ ಕೈ ಸೇರಿತು. ನಾಯಿಗಳ ಋಣವಿದೆ ಎಂದು ನೀವೇ ಬರೆದಿದ್ದೀರಿ. ಋಣ ಇರುವವನು ತೀರಿಸುವ ದಾರಿ ಹುಡುಕುತ್ತಾನೆ, ಅದೇ ಬಾಗಿಲಿಗೆ ಹೋಗಿ ಮತ್ತೆ ಸಾಲ ಎತ್ತುವುದಿಲ್ಲ.

ಇನ್ನು ಪ್ರಾಣಿಯ ದೇಹ ಯಾವಾಗಲೂ ನಿಜವನ್ನೇ ಹೇಳುತ್ತದೆಯೇ? ಪೋಲಿಯೊ ಕಥೆಯನ್ನು ನೀವು ತರಗತಿಯಲ್ಲಿ ಹೇಳಿರಬಹುದು, ಆದರೆ ಪೂರ್ತಿ ಹೇಳಿದ್ದೀರೋ ಇಲ್ಲವೋ. ರೋಗವನ್ನು ಮಂಗಗಳಿಗೆ ದಾಟಿಸಿ ಅದು ವೈರಸ್‌ನದ್ದೆಂದು 1908ರಲ್ಲಿ ತೋರಿಸಿದವರು ಲ್ಯಾಂಡ್‌ಸ್ಟೈನರ್ ಮತ್ತು ಪಾಪರ್. ಅದು ದೊಡ್ಡ ಹೆಜ್ಜೆಯೇ. ಮುಂದಿನದು ದುಃಖದ ಕಥೆ. ರೀಸಸ್ ಮಂಗಗಳಿಗೆ ಮೂಗಿನ ಮೂಲಕ ಸೋಂಕು ತಗಲುತ್ತಿತ್ತು, ವೈರಸ್ ನೇರ ನರಗಳಿಗೆ ಇಳಿಯುತ್ತಿತ್ತು. ಮನುಷ್ಯರಲ್ಲೂ ಹೀಗೇ ಎಂದು ಘಟಾನುಘಟಿಗಳು ವರ್ಷಗಟ್ಟಲೆ ನಂಬಿದರು. 1937ರಲ್ಲಿ ಟೊರಾಂಟೊದಲ್ಲಿ ಸಾವಿರಾರು ಮಕ್ಕಳ ಮೂಗಿಗೆ ಸತುವಿನ ಸಲ್ಫೇಟ್ ಸಿಂಪಡಿಸಿದರು. ಪೋಲಿಯೊ ತಡೆಯಲಿಲ್ಲ, ಕೆಲವು ಮಕ್ಕಳು ವಾಸನೆ ಗ್ರಹಿಸುವ ಶಕ್ತಿಯನ್ನೇ ಕಳೆದುಕೊಂಡರು. ವೈರಸ್ ಬಾಯಿಂದ ಒಳಹೊಕ್ಕು ಕರುಳಿನಲ್ಲಿ ಬೆಳೆಯುತ್ತದೆ ಎಂಬುದು ಆಮೇಲೆ ಸ್ಪಷ್ಟವಾಯಿತು. ಲಸಿಕೆಗೆ ನಿಜವಾದ ದಾರಿ ತೆರೆದದ್ದು 1949ರಲ್ಲಿ, ಎಂಡರ್ಸ್, ವೆಲ್ಲರ್, ರಾಬಿನ್ಸ್ ಎಂಬ ಮೂವರು ವೈರಸ್ಸನ್ನು ಮನುಷ್ಯನ ನರವಲ್ಲದ ಅಂಗಾಂಶದಲ್ಲಿ, ಗಾಜಿನ ಪಾತ್ರೆಯೊಳಗೆ ಬೆಳೆಸಿದಾಗ. 1954ರ ನೊಬೆಲ್ ಅದಕ್ಕೇ ಸಂದಿತು. ಲಸಿಕೆ ತಯಾರಿಕೆಗೆ ಮಂಗಗಳ ಮೂತ್ರಪಿಂಡ ಆಮೇಲೂ ಬೇಕಾಯಿತು ಎಂಬುದನ್ನು ನಾನು ಮುಚ್ಚಿಡುವುದಿಲ್ಲ.

ಇದು ಹಳೆಯ ಕಾಲದ ಮಾತು ಎನ್ನಬೇಡಿ. ಫಿಯಾಲುರಿಡಿನ್ ಎಂಬ ಹೆಪಟೈಟಿಸ್ ಬಿ ಔಷಧ ಪ್ರಾಣಿಗಳ ಪರೀಕ್ಷೆಯನ್ನೆಲ್ಲ ದಾಟಿ 1993ರಲ್ಲಿ ಅಮೆರಿಕದ 15 ರೋಗಿಗಳಿಗೆ ಬಂತು. ಏಳು ಮಂದಿಯ ಯಕೃತ್ತು ಕೆಟ್ಟಿತು, ಐವರು ತೀರಿಕೊಂಡರು. ಈಗ ಮನುಷ್ಯನದೇ ಯಕೃತ್ತಿನ ಕೋಶಗಳನ್ನು ಬೆರಳುದ್ದದ ಚಿಪ್‌ನಲ್ಲಿ ಬೆಳೆಸುತ್ತಾರೆ. 2022ರಲ್ಲಿ ಅಂಥ 870 ಚಿಪ್‌ಗಳ ಮೇಲೆ 27 ಔಷಧಗಳನ್ನು ಪರೀಕ್ಷಿಸಿದ ವರದಿ ಬಂತು. ಯಕೃತ್ತಿಗೆ ವಿಷವಾದವುಗಳಲ್ಲಿ ಶೇ. 87ರಷ್ಟನ್ನು ಅವು ಹಿಡಿದವು. ನಿರಪಾಯಕಾರಿ ಔಷಧ ಒಂದನ್ನೂ ವಿಷವೆಂದು ತಪ್ಪು ತಿಳಿಯಲಿಲ್ಲ. ಚಿಪ್ ತಯಾರಿಸುವ ಕಂಪನಿಯವರೇ ಮುಂದಾಗಿ ಮಾಡಿದ ಅಧ್ಯಯನ ಅದು, ಆ ಎಚ್ಚರವನ್ನಿಟ್ಟುಕೊಂಡೇ ಓದಬೇಕು. ಓದಿದ ಮೇಲೂ ನನಗೆ ಸಂತೋಷವಾಯಿತು.

ನಿಮ್ಮ ಪತ್ರದ ಮುಖ್ಯ ಮಾತಿಗೆ ಬರೋಣ. ವಿಜ್ಞಾನಿಗಳು ತಾವಾಗಿಯೇ ಬಿಡುತ್ತಾರೆ, ಫಲಕ ಹಿಡಿದವರಿಂದ ಏನೂ ಆಗದು. ಇದನ್ನು ಮಾತ್ರ ನಾನು ಒಪ್ಪಲಾರೆ. ಗರ್ಭ ಪರೀಕ್ಷೆಗೆ ಇಲಿ, ಮೊಲ, ಕಪ್ಪೆಗಳನ್ನು ಬಳಸುತ್ತಿದ್ದ ಕಾಲ 1960ರ ಹೊಸ ಪ್ರತಿಕಾಯ (ಆಂಟಿಬಾಡಿ) ವಿಧಾನದಿಂದ ಮುಗಿಯತೊಡಗಿತು, ಯಾರೂ ಬೀದಿಗಿಳಿಯಲಿಲ್ಲ, ಸರಿ. ಆದರೆ ಮೊಲದ ಕಣ್ಣಿನ ಕಥೆ ಕೇಳಿ. ಡ್ರೇಜ್ ಪರೀಕ್ಷೆ 1944ರದು. ಮೊಲವನ್ನು ಕುತ್ತಿಗೆಪಟ್ಟಿಯಲ್ಲಿ ಬಿಗಿದು, ಕಣ್ಣಿಗೆ ಶಾಂಪೂವಿನಂಥ ವಸ್ತು ಹಾಕಿ, ಎಷ್ಟು ಕೆಂಪಾಯಿತು, ಎಷ್ಟು ಹುಣ್ಣಾಯಿತು ಎಂದು ದಿನಗಟ್ಟಲೆ ನೋಡಿ ಅಂಕ ಕೊಡುವುದು. ಒಂದೇ ವಸ್ತುವಿಗೆ ಬೇರೆ ಬೇರೆ ಪ್ರಯೋಗಾಲಯಗಳು ಕೊಡುವ ಅಂಕಗಳು ತಾಳೆಯಾಗುವುದಿಲ್ಲ ಎಂದು 1971ರಲ್ಲೇ ಗೊತ್ತಾಗಿತ್ತು. ಬಿಟ್ಟರೇ? ಇಲ್ಲ. 1980ರಲ್ಲಿ ಹೆನ್ರಿ ಸ್ಪೈರಾ ಎಂಬಾತ ನ್ಯೂಯಾರ್ಕ್ ಪತ್ರಿಕೆಯ ಪೂರ್ತಿ ಪುಟದ ಜಾಹೀರಾತಿನಲ್ಲಿ, ಸೌಂದರ್ಯಕ್ಕಾಗಿ ಎಷ್ಟು ಮೊಲಗಳ ಕಣ್ಣು ಕಳೆಯುತ್ತೀರಿ ಎಂದು ರೆವ್ಲಾನ್ ಕಂಪನಿಯನ್ನು ಕೇಳಿದ. ಆತ ಯಾರು ಗೊತ್ತೇ? ಹಡಗಿನಲ್ಲಿ ದುಡಿದು, ಆಮೇಲೆ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿದ ಮೇಷ್ಟ್ರು, ನಿಮ್ಮ ಹಾಗೆಯೇ. ಆತ ಕೇಳಿದ್ದು ಕಂಪನಿಯ ಆದಾಯದಲ್ಲಿ ಶೇಕಡ ಒಂದರ ನೂರನೇ ಒಂದು ಪಾಲನ್ನು ಬದಲಿ ವಿಧಾನದ ಸಂಶೋಧನೆಗೆ ಕೊಡಿ ಎಂದು. ವರ್ಷ ಮುಗಿಯುವುದರೊಳಗೆ ರೆವ್ಲಾನ್‌ನಿಂದ ರಾಕ್‌ಫೆಲರ್ ವಿಶ್ವವಿದ್ಯಾಲಯಕ್ಕೆ 7,50,000 ಡಾಲರ್ ಘೋಷಣೆಯಾಯಿತು. ಮರುವರ್ಷ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಬದಲಿ ವಿಧಾನಗಳಿಗೆಂದೇ ಒಂದು ಕೇಂದ್ರ ತೆರೆಯಿತು. ಪಾತ್ರೆಯಲ್ಲಿ ಬೆಳೆಸಿದ ಮಾನವ ಚರ್ಮ, ಕಾರ್ನಿಯಾದ ಮಾದರಿಗಳು ಇಂದು ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿವೆ. ಯುರೋಪಿನಲ್ಲಿ ಪ್ರಾಣಿಗಳ ಮೇಲೆ ಪರೀಕ್ಷಿಸಿದ ಸೌಂದರ್ಯವರ್ಧಕಗಳ ಮಾರಾಟಕ್ಕೆ 2013ರಲ್ಲಿ ಪೂರ್ಣ ನಿಷೇಧ ಬರುವುದೆಂದು ಗಡುವು ಕಟ್ಟಿದ್ದರಿಂದಲೇ ಆ ಮಾದರಿಗಳಿಗೆ ಹಣವೂ ಹುರುಪೂ ಬಂತು. ಹಳೆಯದು ಬೇಡ ಎಂದು ಯಾರೋ ಹಠ ಹಿಡಿದ ಮೇಲೆ ಹೊಸದು ಹುಟ್ಟಿತು.

ಪತ್ರಿಕೆಗೆ ಬರೆದ ಪತ್ರಕ್ಕೂ ಇಂಥ ಬಲವಿದೆ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಜಾರ್ಜ್ ಹೊಗ್ಗನ್ ಎಂಬ ವೈದ್ಯ ಯುರೋಪಿನ ಪ್ರಖ್ಯಾತ ಪ್ರಯೋಗಾಲಯವೊಂದರಲ್ಲಿ ನಾಲ್ಕು ತಿಂಗಳು ದುಡಿದು ಬಂದು, 1875ರಲ್ಲಿ ಲಂಡನ್ನಿನ ಪತ್ರಿಕೆಯೊಂದಕ್ಕೆ ಬರೆದ. ಅದು ಫ್ರಾನ್ಸಿನ ಶರೀರಶಾಸ್ತ್ರಜ್ಞ ಕ್ಲೋಡ್ ಬರ್ನಾರ್ ಅವರ ಪ್ರಯೋಗಾಲಯವೆಂದು ಇತಿಹಾಸಕಾರರು ಗುರುತಿಸಿದ್ದಾರೆ. ನೆಲಮಾಳಿಗೆಯ ಕತ್ತಲಿನಿಂದ ಮೇಲೆ ತಂದ ನಾಯಿಗಳು ಬೆಳಕು ಕಂಡು ಹಿಗ್ಗುತ್ತಿರಲಿಲ್ಲ, ಆ ಕೋಣೆಯ ಗಾಳಿಯ ವಾಸನೆಗೇ ನಡುಗುತ್ತಿದ್ದವು. ಅಲ್ಲಿದ್ದ ಮೂರು ನಾಲ್ಕು ಮಂದಿಯ ಹತ್ತಿರ ಒಬ್ಬೊಬ್ಬರಾಗಿ ಹೋಗಿ ಕಣ್ಣು, ಕಿವಿ, ಬಾಲಗಳಿಂದ ಅಂಗಲಾಚುತ್ತಿದ್ದವು ಎಂದು ಬರೆದ. ಅದೇ ವರ್ಷ ಫ್ರಾನ್ಸಿಸ್ ಪವರ್ ಕಾಬ್ ಎಂಬಾಕೆ ಪ್ರಾಣಿಪ್ರಯೋಗದ ವಿರುದ್ಧ ಸಂಘ ಕಟ್ಟಿದರು. 1876ರಲ್ಲಿ ಬ್ರಿಟನ್ನಿನಲ್ಲಿ ಪ್ರಾಣಿಪ್ರಯೋಗವನ್ನು ಹದ್ದುಬಸ್ತಿನಲ್ಲಿಡುವ ಕಾನೂನು ಬಂತು. ಬರ್ನಾರ್ ಅವರ ಹೆಂಡತಿ, ಹೆಣ್ಣುಮಕ್ಕಳು ಕೂಡ ಈ ಪ್ರಯೋಗಗಳಿಗೆ ಬೆನ್ನು ತಿರುಗಿಸಿದರು. ಭಾವುಕರು, ಅಲ್ಲವೇ?

ಈಗ ನನ್ನ ದೂರು. ಅದು ನಿಮ್ಮ ಮೇಲಲ್ಲ. ಹೊಸ ವಿಧಾನ ಬಂದರೆ ಪುರಾವೆಯ ಮೇಲೆ ಪುರಾವೆ ಕೇಳುತ್ತಾರೆ. ಹಳೆಯದನ್ನು ಒಪ್ಪುವ ಮುನ್ನ ಯಾರೂ ಆ ಒರೆಗಲ್ಲಿಗೆ ಹಚ್ಚಲೇ ಇಲ್ಲ. ಚುಚ್ಚುಮದ್ದಿನಲ್ಲಿ ಬ್ಯಾಕ್ಟೀರಿಯಾದ ವಿಷವಿದೆಯೇ ಎಂದು ಮೊದಲು ಮೊಲಗಳಿಗೆ ಚುಚ್ಚಿ ಜ್ವರ ನೋಡುತ್ತಿದ್ದರು. ಆಮೇಲೆ ಕುದುರೆ ಲಾಳದಂಥ ಏಡಿಯ ನೀಲಿ ರಕ್ತ ಬಂತು. ಆ ರಕ್ತದ ಕೆಲಸ ಮಾಡುವ ಪ್ರೋಟೀನನ್ನು ಪ್ರಯೋಗಾಲಯದಲ್ಲೇ ತಯಾರಿಸುವುದನ್ನು ಸಿಂಗಪುರದ ದಂಪತಿ ಹೋ ಬೋ ಮತ್ತು ಡಿಂಗ್ ಜೀಕ್ ಲಿಂಗ್ 1990ರ ದಶಕದಲ್ಲೇ ಸಾಧಿಸಿದರು. ಔಷಧಗಳ ಗುಣಮಟ್ಟ ನಿಗದಿಪಡಿಸುವ ಯುರೋಪಿನ ಔಷಧಕೋಶ ಅದನ್ನು ಒಪ್ಪಿದ್ದು 2020ರಲ್ಲಿ, ಅಮೆರಿಕದ್ದು 2024ರಲ್ಲಿ. ಅಷ್ಟು ವರ್ಷ ಏಡಿಗಳ ರಕ್ತ ಬಸಿದದ್ದು ವಿಜ್ಞಾನಕ್ಕಲ್ಲ, ರೂಢಿಗೆ. ಹೊಸ ಔಷಧಕ್ಕೆ ಪ್ರಾಣಿಪರೀಕ್ಷೆ ಆಗಲೇಬೇಕೆಂಬ 1938ರ ಕಟ್ಟಳೆಯನ್ನು ಅಮೆರಿಕ ಸಡಿಲಿಸಿದ್ದು 2022ರ ಡಿಸೆಂಬರಿನಲ್ಲಿ. ವಿಷಬೆರೆತ ಔಷಧವೊಂದಕ್ಕೆ ನೂರಕ್ಕೂ ಹೆಚ್ಚು ಜನ ಬಲಿಯಾದ ಮೇಲೆ ಬಂದ ಕಾನೂನು ಅದು, ಸದುದ್ದೇಶದ್ದೇ. ಆದರೆ 84 ವರ್ಷ!

ಭಾಷೆಯ ಮೇಲೂ ಒಂದು ಸಿಟ್ಟಿದೆ. ಪ್ರಯೋಗ ಮುಗಿದ ಮೇಲೆ ಇಲಿಗಳನ್ನು ಕೊಂದದ್ದನ್ನು ಇಂಗ್ಲಿಷ್ ಪ್ರಬಂಧಗಳು 'ಸ್ಯಾಕ್ರಿಫೈಸ್' ಎನ್ನುತ್ತವೆ. ಆ ಭಾಷೆಯಲ್ಲಿ ಬಲಿಗೂ ತ್ಯಾಗಕ್ಕೂ ಅದೊಂದೇ ಮಾತು. ನಮ್ಮಲ್ಲಿ ಎರಡಿವೆ. ಆದರೂ ನಮ್ಮ ವಿಜ್ಞಾನ ಲೇಖಕರು 'ಇಲಿಗಳ ತ್ಯಾಗ' ಎಂದು ಬರೆದು ಕಳಿಸುತ್ತಾರೆ, ನಾನು ಕೂತು ತಿದ್ದುತ್ತೇನೆ. ತ್ಯಾಗ ಮಾಡುವವನಿಗೆ ಒಲ್ಲೆ ಎನ್ನುವ ಅವಕಾಶ ಇರಬೇಕು.

ನಮ್ಮ ಕಡೆಯೂ ಸುಳ್ಳು ಹೆಸರುಗಳಿವೆ. 'ಪ್ರಾಣಿರಹಿತ' ಎಂದು ಹೆಮ್ಮೆಪಡುವ ಎಷ್ಟೋ ಪ್ರಯೋಗಾಲಯಗಳಲ್ಲಿ ಕೋಶಗಳಿಗೆ ಉಣಿಸುವುದು ಕಸಾಯಿಖಾನೆಯಲ್ಲಿ ಕೊಂದ ಗಬ್ಬದ ಹಸುವಿನ ಹೊಟ್ಟೆಯ ಕರುವಿನ ರಕ್ತಸಾರವನ್ನು. ಅದಿಲ್ಲದೆ ಕೋಶ ಬೆಳೆಸುವ ದ್ರವಗಳು ಬಂದಿವೆ, ದುಬಾರಿ ಎಂದು ಹಿಂದೆ ಸರಿಯುತ್ತಾರೆ. ಅಲ್ಲಿಯೂ ಹಠ ಹಿಡಿಯುವವರು ಬೇಕು.

ಆ ಹುಡುಗಿ ಹಿಡಿದ ಹಾಗೆ. ನಾನು ಕಪ್ಪೆ ಸೀಳಿದವನು. ಮೇಣದ ತಟ್ಟೆ, ಗುಂಡುಸೂಜಿ, ಕ್ಲೋರೋಫಾರ್ಮ್ ವಾಸನೆ ಎಲ್ಲ ನೆನಪಿದೆ. ಎದೆ ತೆರೆದ ಮೇಲೂ ಅದರ ಹೃದಯ ಮಿಡಿಯುತ್ತಿತ್ತು. ಪಕ್ಕದವರು ನಕ್ಕರೆಂದು ನಾನೂ ನಕ್ಕೆ. ರೆಕಾರ್ಡ್ ಪುಸ್ತಕದ ಚಿತ್ರವನ್ನು ಬಿಡಿಸಿದ್ದು ಕಪ್ಪೆ ನೋಡಿ ಅಲ್ಲ, ಪಠ್ಯಪುಸ್ತಕ ನೋಡಿ. ನನಗೆ ಪೂರ್ಣ ಅಂಕ ಬಂತು. ತರಗತಿಯೆಲ್ಲ ಚಾಕು ಹಿಡಿದಾಗ ಒಂಟಿಯಾಗಿ ಕೈಕಟ್ಟಿ ನಿಲ್ಲುವ ಧೈರ್ಯ ನನಗೆ ಇರಲಿಲ್ಲ. ನಿಮ್ಮ ಹುಡುಗಿಗೆ ಇತ್ತು. ಇಷ್ಟು ವರ್ಷಗಳಾದ ಮೇಲೂ ನೂರಾರು ಮಕ್ಕಳಲ್ಲಿ ಅವಳೊಬ್ಬಳನ್ನೇ ನೆನೆದು ಬರೆದಿರಿ. ಅವಳ ವಿಳಾಸ ಹುಡುಕಿದರೆ ಸಿಕ್ಕೀತು. ಒಂದು ಪತ್ರ ಬರೆಯಿರಿ, ಇದೇ ಮುತ್ತಿನಂಥ ಅಕ್ಷರದಲ್ಲಿ. ಅದನ್ನು ನಮಗೆ ಕಳಿಸುವುದು ಬೇಡ, ಅವಳಿಗೇ ಕಳಿಸಿ.

ಸಂಪಾದಕ