ಪಿಆರ್‌ಗೆ 730 ದಿನ ಸಾಕು, ಹೆಲ್ತ್ ಕಾರ್ಡ್‌ಗೆ ಆ ಲೆಕ್ಕ ನಡೆಯಲ್ಲ

ನೀವು ಕೇಳಿರೋದು ಇಷ್ಟು: ಎರಡು ತಿಂಗಳ ಹಿಂದೆ ಪಿಆರ್ (ಪರ್ಮನೆಂಟ್ ರೆಸಿಡೆಂಟ್, ಅಂದ್ರೆ ಕಾಯಂ ನಿವಾಸಿ) ಆಗಿ ಕೆನಡಾದ ಒಂಟಾರಿಯೋ ಪ್ರಾಂತ್ಯಕ್ಕೆ ಬಂದಿದ್ದೀರಿ, ಇಬ್ಬರಿಗೂ ಹೆಲ್ತ್ ಕಾರ್ಡ್ ಬಂದಿದೆ, ಮನೆಯವರಿಗೆ ಈಗ ಐದನೇ ತಿಂಗಳು, ಹೆರಿಗೆಗೆ ಮೈಸೂರಿಗೆ ತವರಿಗೆ ಹೋಗಿ ಬಾಣಂತನ ಮುಗಿಸ್ಕೊಂಡು ಎಂಟು ತಿಂಗಳಾದ್ಮೇಲೆ ಮಗು ಜೊತೆ ವಾಪಸ್ ಬರ್ತಾರೆ, ಐದು ವರ್ಷದಲ್ಲಿ 730 ದಿನ ಇದ್ರೆ ಸಾಕಲ್ವಾ, ಏನೂ ತೊಂದ್ರೆ ಇಲ್ಲ ತಾನೇ ಅಂತ. ಇಲ್ಲಾಂದ್ರೆ ಅತ್ತೆಯವರನ್ನೇ ಇಲ್ಲಿಗೆ ಕರೆಸ್ಕೊಂಡ್ರೆ ಅವರಿಗೂ ಕಾರ್ಡ್ ಸಿಗತ್ತಾ ಅಂತ.

ಪಿಆರ್‌ಗೆ ತೊಂದ್ರೆ ಇಲ್ಲ. ಐದು ವರ್ಷದಲ್ಲಿ 730 ದಿನ ಕೆನಡಾದಲ್ಲಿ ಇರ್ಬೇಕು ಅಷ್ಟೇ, ಎಂಟು ತಿಂಗಳು ಊರಲ್ಲಿದ್ರೂ ಅವರು ಅದನ್ನ ಆರಾಮಾಗಿ ತುಂಬಿಸಬಹುದು. ಆದ್ರೆ ಆ 730 ಕೇಂದ್ರ ಸರ್ಕಾರದ ಇಮಿಗ್ರೇಷನ್ ಲೆಕ್ಕ, ಹೆಲ್ತ್ ಕಾರ್ಡ್ ಕೊಡೋದು ಪ್ರಾಂತ್ಯ, ಅವರ ಲೆಕ್ಕವೇ ಬೇರೆ. ಒಂಟಾರಿಯೋದಲ್ಲಿ ಓಹಿಪ್ (ಈ ಹೆಲ್ತ್ ಕಾರ್ಡ್ ಹಿಂದಿರೋ ಪ್ರಾಂತ್ಯದ ಆರೋಗ್ಯ ವಿಮೆ) ಉಳೀಬೇಕಂದ್ರೆ ಯಾವುದೇ 12 ತಿಂಗಳು ತಗೊಂಡ್ರೂ ಅದ್ರಲ್ಲಿ 153 ದಿನ ಒಂಟಾರಿಯೋದೊಳಗೇ ಇರ್ಬೇಕು. ಹೊಸದಾಗಿ ಬಂದವರಿಗೆ ಇನ್ನೂ ಒಂದಿದೆ, ಬಂದ ಮೊದಲ 183 ದಿನದಲ್ಲಿ 153 ದಿನ ಇಲ್ಲೇ ಇರ್ಬೇಕು. ನಿಮ್ಮ ಮನೆಯವರು ಬಂದು ಅರವತ್ತು ದಿನ ಆಗಿದೆ, ಈಗ ಹೊರಟ್ರೆ ಎರಡನೇದು ಖಂಡಿತ ತಪ್ಪತ್ತೆ, ಆಮೇಲೆ ಮೊದಲನೇದೂ ತಪ್ಪತ್ತೆ. ನೀವು ಇಲ್ಲೇ ಇದ್ದೀರಿ ಅನ್ನೋದು ಅವರ ಲೆಕ್ಕಕ್ಕೆ ಬರಲ್ಲ, ಮನೆಯಲ್ಲಿ ಒಬ್ಬೊಬ್ಬರ ದಿನವೂ ಬೇರೆ ಬೇರೆ ಎಣಿಸ್ತಾರೆ.

ಇದನ್ನ ಇಷ್ಟು ಒತ್ತಿ ಹೇಳ್ತಿರೋದು ಯಾಕಂದ್ರೆ ನಾವೇ ಅನುಭವಿಸಿದ್ದೀವಿ. 2015ರ ಆಗಸ್ಟ್‌ನಲ್ಲಿ ಬಂದಿದ್ವಿ, 2018ರ ಜನವರಿಯಲ್ಲಿ ಹಾಸನದಲ್ಲಿ ಅಪ್ಪನಿಗೆ ಲಕ್ವ ಹೊಡೀತು, ಮನೆಮಂದಿಯೆಲ್ಲ ಹೊರಟ್ವಿ, ಬರೋಷ್ಟರಲ್ಲಿ ಸೆಪ್ಟೆಂಬರ್. 730 ದಿನ ಯಾವತ್ತೋ ದಾಟಿತ್ತಲ್ಲ ಅಂತ ನಿಶ್ಚಿಂತೆ. ಮನೆ ಬದಲಾಯಿಸಿದ್ವಿ ಅಂತ ವಿಳಾಸ ಬದಲಾಯಿಸೋಕೆ ಕೌಂಟರ್‌ಗೆ ಹೋದಾಗ ಎಷ್ಟು ದಿನ ಹೊರಗಿದ್ರಿ ಅಂತ ಕೇಳಿದ್ರು, ಇದ್ದದ್ದು ಇದ್ದಂಗೆ ಹೇಳಿದ್ವಿ, ಅರ್ಹತೆ ಹೋಗಿದೆ, ಹೊಸದಾಗಿ ಅರ್ಜಿ ಹಾಕಿ, ಮೂರು ತಿಂಗಳು ಕಾಯಿರಿ ಅಂದ್ರು. ಆ ಮೂರು ತಿಂಗಳಲ್ಲೇ ಒಂದು ರಾತ್ರಿ ನನ್ನ ಹೆಂಡ್ತಿಗೆ ಕಿಡ್ನಿ ಸ್ಟೋನ್ ನೋವು ಬಂತು. ಎಮರ್ಜೆನ್ಸಿಯಲ್ಲಿ ಚೆನ್ನಾಗೇ ನೋಡ್ಕೊಂಡ್ರು, ಸ್ಕ್ಯಾನ್ ಮಾಡಿದ್ರು, ಬಿಲ್ ಆಮೇಲೆ ಮನೆಗೆ ಬಂತು, ಕಂತು ಕಟ್ಟಿ ತೀರಿಸೋಕೆ ತಿಂಗಳುಗಟ್ಟಲೆ ಹಿಡೀತು. ಬೇಜಾರು ಏನಂದ್ರೆ, ಹೊರಡೋಕೆ ಮುಂಚೆ ಎರಡು ವರ್ಷ ಪ್ರತಿ ವರ್ಷವೂ 153 ದಿನ ಇಲ್ಲಿದ್ದವರಿಗೆ, ಮೊದಲೇ ತಿಳಿಸಿದ್ರೆ, ಜೀವಮಾನದಲ್ಲಿ ಒಂದು ಸಲ ಎರಡು ವರ್ಷದವರೆಗೆ ಹೊರಗಿದ್ರೂ ಕಾರ್ಡ್ ಉಳಿಸ್ಕೊಳ್ಳೋ ಅವಕಾಶ ಇದೆ. ನಮಗೆ ಅದು ಸಿಕ್ತಿತ್ತು. ಯಾರಾದ್ರೂ ಒಂದು ಮಾತು ಹೇಳಿದ್ರೆ ಸಾಕಿತ್ತು. ನೀವು ಬಂದು ಎರಡೇ ತಿಂಗಳಾಗಿರೋದ್ರಿಂದ ನಿಮ್ಮ ಮನೆಯವರಿಗೆ ಅದು ಸಿಗಲ್ಲ.

ಈಗ ಒಂದು ಸಮಾಧಾನ ಇದೆ, ಆ ಮೂರು ತಿಂಗಳ ಕಾಯೋದನ್ನ ಒಂಟಾರಿಯೋ 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ತೆಗೆದುಹಾಕ್ತು, ಮತ್ತೆ ತಂದಿಲ್ಲ. (ಕ್ವಿಬೆಕ್, ಬ್ರಿಟಿಷ್ ಕೊಲಂಬಿಯಾ ಕಡೆ ಈಗಲೂ ಕಾಯಿಸ್ತಾರೆ, ಅಲ್ಲಿರೋ ಫ್ರೆಂಡ್ಸ್ ಹೇಳಿದ್ದನ್ನ ಇಲ್ಲಿಗೆ ಅನ್ವಯಿಸ್ಬೇಡಿ.) ಹಾಗಾಗಿ ನಿಮ್ಮ ಮನೆಯವರು ವಾಪಸ್ ಬಂದ್ಮೇಲೆ ಪುನಃ ಅರ್ಜಿ ಹಾಕಿ ಕಾರ್ಡ್ ಮಾಡಿಸ್ಕೋಬಹುದು, ದಿನ ಮುಚ್ಚಿಡದೆ ಹೇಳಿದ್ರೆ ಆಯ್ತು.

ನನಗೆ ನಿಜವಾಗ್ಲೂ ಭಯ ಆಗಿದ್ದು ಮಗು ವಿಷಯಕ್ಕೆ, ನೀವು ಅದನ್ನ ಕೇಳೇ ಇಲ್ಲ. ಅಪ್ಪ ಅಮ್ಮ ಪಿಆರ್ ಆಗಿದ್ದು ಮಗು ಮೈಸೂರಲ್ಲಿ ಹುಟ್ಟಿದ್ರೆ ಆ ಮಗುಗೆ ಇಲ್ಲಿನ ಪೌರತ್ವವೂ ಇಲ್ಲ, ಪಿಆರ್ ತಾನಾಗೇ ಬರೋದೂ ಇಲ್ಲ. ನೀವು ಮಗುನ ಸ್ಪಾನ್ಸರ್ ಮಾಡ್ಬೇಕು, ಅಂದ್ರೆ ನಿಮ್ಮ ಜವಾಬ್ದಾರಿ ಮೇಲೆ ಅದಕ್ಕೆ ಪಿಆರ್ ಕೇಳ್ಬೇಕು, ಮೊದಲು ಅದಕ್ಕೆ ಪಾಸ್‌ಪೋರ್ಟ್, ಆಮೇಲೆ ಅರ್ಜಿ, ಮೆಡಿಕಲ್, ಇದೆಲ್ಲ ಆಗೋವರೆಗೂ ಎಳೇ ಕೂಸು ಅಲ್ಲೇ, ತಾಯಿ ಅದನ್ನ ಬಿಟ್ಟು ಬರೋಕಾಗತ್ತಾ? ಎಂಟು ತಿಂಗಳು ಅಂದ್ಕೊಂಡಿದ್ದು ಎಲ್ಲಿಗೆ ಹೋಗಿ ನಿಲ್ಲತ್ತೋ. ಇನ್ನೊಂದು, ಪಿಆರ್ ಇರೋರು ಸ್ಪಾನ್ಸರ್ ಮಾಡ್ಬೇಕಂದ್ರೆ ಕೆನಡಾದಲ್ಲೇ ವಾಸ ಇರ್ಬೇಕು, ಹಾಗಾಗಿ ನೀವೂ ಕೆಲಸ ಬಿಟ್ಟು ಅಲ್ಲಿಗೆ ಹೋಗಿ ಕೂತ್ರೆ ಆ ದಾರಿಯೂ ಕಟ್. ಅದೇ ಮಗು ಇಲ್ಲಿ ಹುಟ್ಟಿದ್ರೆ ಹುಟ್ಟಿನಿಂದ್ಲೇ ಪ್ರಜೆ, ಹೆಲ್ತ್ ಕಾರ್ಡ್ ಫಾರ್ಮ್ ಆಸ್ಪತ್ರೆಯಲ್ಲೇ ತುಂಬಿಸ್ಕೊಳ್ತಾರೆ.

ತವರಲ್ಲಿ ಬಾಣಂತನ ಆಗ್ಬೇಕು ಅನ್ನೋ ಆಸೆ ನನಗೆ ಅರ್ಥ ಆಗತ್ತೆ, ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಅಮ್ಮನ ಕೈ ಊಟ, ಇದಕ್ಕೆಲ್ಲ ಯಾವ ಆಸ್ಪತ್ರೆಯೂ ಸಮ ಅಲ್ಲ. ಅದಕ್ಕೇ ಹೇಳ್ತಿರೋದು, ಅಮ್ಮನನ್ನೇ ಕರೆಸಿ. ಜೊತೆಗೆ ಮಿಡ್‌ವೈಫ್ ಕ್ಲಿನಿಕ್‌ಗೆ ಫೋನ್ ಮಾಡಿ. ನಮ್ಮೂರ ಸೂಲಗಿತ್ತಿಯರ ಕೆಲಸವನ್ನೇ ಇಲ್ಲಿ ಯೂನಿವರ್ಸಿಟಿಯಲ್ಲಿ ಓದಿ ಲೈಸೆನ್ಸ್ ತಗೊಂಡು ಮಾಡ್ತಾರೆ, ಒಂಟಾರಿಯೋದಲ್ಲಿ 1994ರಿಂದ ಕಾನೂನಿನ ಮಾನ್ಯತೆ ಇದೆ, ಫೀಸ್ ಇಲ್ಲ, ಹೆರಿಗೆ ಆಸ್ಪತ್ರೆಯಲ್ಲೇ ಬೇಕಂದ್ರೂ ಅವರೇ ಇರ್ತಾರೆ, ಆಮೇಲೆ ಮೊದಮೊದಲು ಮನೆಗೇ ಬಂದು ತಾಯಿ ಮಗು ನೋಡ್ತಾರೆ, ಆರು ವಾರ ಅವರ ಜವಾಬ್ದಾರಿ. ನಮ್ಮ ಎರಡನೇ ಮಗುಗೆ ಹೀಗೇ ಮಾಡಿದ್ದು. ನಮ್ಮತ್ತೆ ಮೊದಲ ದಿನ ಅನುಮಾನದಲ್ಲೇ ನೋಡ್ತಿದ್ದೋರು, ಎರಡನೇ ಸಲ ಆ ಹೆಣ್ಮಗಳು ಬರೋ ಹೊತ್ತಿಗೆ ಕಾಫಿ ರೆಡಿ ಮಾಡಿಟ್ಟಿದ್ರು.

ಇನ್ನು ಅತ್ತೆಯವರ ಕಾರ್ಡ್. ಸಿಗಲ್ಲ. ವಿಸಿಟರ್ ವೀಸಾ ಆಗ್ಲಿ ಸೂಪರ್ ವೀಸಾ (ಇಲ್ಲಿರೋರ ಅಪ್ಪ ಅಮ್ಮ, ಅಜ್ಜ ಅಜ್ಜಿಗೆ ಅಂತ ಇರೋ ಜಾಸ್ತಿ ದಿನದ ವೀಸಾ) ಆಗ್ಲಿ, ಎಷ್ಟು ವರ್ಷ ಇದ್ರೂ ಓಹಿಪ್ ಇಲ್ಲ. ಸೂಪರ್ ವೀಸಾದಲ್ಲಿ 2022ರ ಜುಲೈಯಿಂದ ಒಂದು ಸಲ ಬಂದ್ರೆ ಐದು ವರ್ಷದವರೆಗೆ ಇರಬಹುದು, ಆದ್ರೆ ನಿಮ್ಮ ಆದಾಯ ಮನೆ ಜನದ ಲೆಕ್ಕಕ್ಕೆ ತಕ್ಕಷ್ಟಿದೆ ಅಂತ ತೋರಿಸ್ಬೇಕು, ಕನಿಷ್ಠ 1,00,000 ಕೆನಡಾ ಡಾಲರ್ ಕವರ್ ಇರೋ ಒಂದು ವರ್ಷದ ಇನ್ಶೂರೆನ್ಸ್ ಬೇಕು. ನೀವು ಹೊಸಬರು, ಸಂಬಳದ ದಾಖಲೆ ಕಮ್ಮಿ ಅನ್ನಿಸಿದ್ರೆ ವಿಸಿಟರ್ ವೀಸಾ ಹಾಕಿ, ಸಾಮಾನ್ಯವಾಗಿ ಆರು ತಿಂಗಳು ಕೊಡ್ತಾರೆ, ಬಾಣಂತನಕ್ಕೆ ಸಾಕು. ಅದ್ರಲ್ಲಿ ಇನ್ಶೂರೆನ್ಸ್ ಕಡ್ಡಾಯ ಅಲ್ಲ, ದಯವಿಟ್ಟು ಆದ್ರೂ ಮಾಡಿಸಿ. ಮಾಡಿಸುವಾಗ ಅವರಿಗೆ ಬಿಪಿ, ಶುಗರ್ ಇದ್ರೆ ಮುಚ್ಚಿಡ್ಬೇಡಿ, ಮೊದಲಿಂದ ಇರೋ ಕಾಯಿಲೆಗೆ ಕವರ್ ಇರೋ ಪಾಲಿಸಿ ಕೇಳಿ, ಅದ್ರಲ್ಲಿ ಸಾಮಾನ್ಯವಾಗಿ ಇಂತಿಷ್ಟು ತಿಂಗಳು ಮಾತ್ರೆ ಬದಲಾಗಿರಬಾರದು, ಡೋಸ್ ಏರಿಸಿ ಇಳಿಸಿರಬಾರದು ಅಂತ ಷರತ್ತು ಇರತ್ತೆ. ಊರಿಂದ ಹೊರಡೋ ವಾರ ಡಾಕ್ಟರ್ ಮಾತ್ರೆ ಬದಲಾಯಿಸಿ, ಇಲ್ಲಿ ಬಂದು ಅಡ್ಮಿಟ್ ಆದ್ಮೇಲೆ ಕ್ಲೇಮ್ ರಿಜೆಕ್ಟ್ ಆಗಿದ್ದನ್ನ ಪರಿಚಯದವರ ಮನೆಯಲ್ಲೇ ನೋಡಿದ್ದೀನಿ.

ವೀಸಾ ಬರೋಕೆ ಟೈಮ್ ಹಿಡಿಯತ್ತೆ, ನಿಮಗಿರೋದು ನಾಲ್ಕು ತಿಂಗಳು, ಅರ್ಜಿ ಈ ವಾರಾನೇ ಹಾಕಿಬಿಡಿ. ಮಿಡ್‌ವೈಫ್‌ಗಳ ಜಾಗ ಬೇಗ ತುಂಬೋಗತ್ತೆ, ಒಂದು ಕ್ಲಿನಿಕ್‌ನಲ್ಲಿ ಇಲ್ಲ ಅಂದ್ರೆ ಪಕ್ಕದ ಊರಿನ ಕ್ಲಿನಿಕ್‌ಗೂ ಹೆಸರು ಕೊಡಿ. ನಿಮ್ಮ ಅತ್ತೆಗೆ ಬಿಪಿ ಶುಗರ್ ಏನಾದ್ರೂ ಇದ್ರೆ ಕಾಮೆಂಟ್‌ನಲ್ಲಿ ಹೇಳಿ, ಪಾಲಿಸಿ ತಗೊಳ್ಳುವಾಗ ನಾವು ಏನೇನು ಕೇಳಿದ್ವಿ ಅಂತ ಬರೀತೀನಿ.