ರಾಯಭಾರಿ ಹೋದರೆ ಹಾಲು ಸಿಗುತ್ತಾ?

ಕತಾರಿನ ರಾಜಧಾನಿ ದೋಹಾದಲ್ಲಿ ಕೆಲಸ ಸಿಕ್ಕಿದೆ, ಆದರೆ "ಪಕ್ಕದ ದೇಶದವರು ಜಗಳವಾಡಿ ರಾಯಭಾರಿಯನ್ನು ಕರೆಸಿಕೊಂಡರೆ ನಮ್ಮನ್ನೂ ಓಡಿಸ್ತಾರಾ ಅಣ್ಣಾ?" ಅಂತ ಕೇಳಿದ್ದೀಯ. ನಿನ್ನ ಅಮ್ಮ 2017ರ ಸುದ್ದಿ ನೆನಪಿಟ್ಟುಕೊಂಡು ಹೆದರಿಸಿರಬೇಕು. ನಾನು ಇಲ್ಲಿಗೆ ಬಂದದ್ದು 2011ರಲ್ಲಿ. ಎರಡು ಸಲ ಈ ಜಗಳ ನೋಡಿದ್ದೇನೆ ಮಾರಾಯ.

ಮೊದಲನೆಯದು 2014ರ ಮಾರ್ಚ್‌ನಲ್ಲಿ. ಸೌದಿ, ಯುಎಇ, ಬಹರೈನ್ ಮೂರೂ ಒಂದೇ ದಿನ ದೋಹಾದಿಂದ ರಾಯಭಾರಿಗಳನ್ನು ವಾಪಸ್ ಕರೆಸಿಕೊಂಡವು. ಕತಾರ್ ಸೇರಿ ಎಲ್ಲರೂ ಗಲ್ಫ್ ಸಹಕಾರ ಮಂಡಳಿ ಅನ್ನುವ ಆರು ದೇಶಗಳ ಕೂಟದವರೇ, ದಾಯಾದಿ ಜಗಳ. ಕತಾರ್ ಮುಸ್ಲಿಂ ಬ್ರದರ್‌ಹುಡ್ ಅನ್ನುವ ಇಸ್ಲಾಮಿ ರಾಜಕೀಯ ಸಂಘಟನೆಗೆ ಬೆಂಬಲ ಕೊಡುತ್ತದೆ, ನಮ್ಮನೆ ವಿಚಾರಕ್ಕೆ ತಲೆ ಹಾಕುತ್ತದೆ ಅನ್ನುವುದು ಅವರ ಸಿಟ್ಟು. ನಮಗೇನಾಯ್ತು? ಏನೂ ಇಲ್ಲ. ವಿಮಾನ ಹಾರುತ್ತಿತ್ತು, ಸೌದಿ ಗಡಿ ದಾಟಿ ಲಾರಿ ಬರುತ್ತಿತ್ತು. ನವೆಂಬರಿನಲ್ಲಿ ರಿಯಾದ್‌ನಲ್ಲಿ ರಾಜಿಯಾಯ್ತು. ರಾಯಭಾರಿಯನ್ನು ಕರೆಸಿಕೊಳ್ಳುವುದು ಅಂದರೆ ಮುಖ ತಿರುಗಿಸಿಕೊಂಡು ಕೂತ ಹಾಗೆ. ಎಂಬೆಸಿ ಬಾಗಿಲು ಮುಚ್ಚುವುದಿಲ್ಲ, ಕೆಳಗಿನ ಅಧಿಕಾರಿ ಕೆಲಸ ನಡೆಸುತ್ತಾರೆ.

2017ರ ಜೂನ್ 5ರ ಕತೆ ಬೇರೆ. ಅವತ್ತು ಈಜಿಪ್ಟ್ ಕೂಡ ಸೇರಿಕೊಂಡು ಸಂಬಂಧವನ್ನೇ ಕಡಿದುಕೊಂಡರು. ಗಲ್ಫಿನ ಆ ಮೂರು ದೇಶಗಳಲ್ಲಿದ್ದ ಕತಾರಿಗಳಿಗೆ ಊರು ಬಿಡಲು 14 ದಿನ. ನೆಲದ ಗಡಿ ಇರುವುದೇ ಸೌದಿ ಜೊತೆ ಒಂದು, ಅದೂ ಬಂದ್. ರಂಜಾನ್ ತಿಂಗಳು ಬೇರೆ. ಸಂಜೆ ಹೋಗಿ ನೋಡಿದರೆ ಸೂಪರ್ ಮಾರ್ಕೆಟ್ಟಿನಲ್ಲಿ ಹಾಲಿನ ಫ್ರಿಜ್ ಖಾಲಿ. ನಾವು ಕುಡಿಯುತ್ತಿದ್ದ ಹಾಲು, ಲಬಾನ್ ಅನ್ನುವ ಮಜ್ಜಿಗೆ ಎಲ್ಲ ಜಾಸ್ತಿ ಸೌದಿಯದೇ ಅಲ್ವಾ. ಹೆಂಡತಿ ಮನೆಯಲ್ಲಿದ್ದ ಮೊಸರಿನಲ್ಲಿ ಎರಡು ಚಮಚ ಹೆಪ್ಪಿಗೆ ಅಂತ ಎತ್ತಿಟ್ಟಳು. ಕೆಲವೇ ದಿನದಲ್ಲಿ ಟರ್ಕಿಯಿಂದ ವಿಮಾನದಲ್ಲಿ ಹಾಲು ಬಂತು. ಬಾಟಲಿ ಮೇಲೆ 'ಸೂತ್' ಅಂತ ಇತ್ತು, ಅವರ ಭಾಷೆಯಲ್ಲಿ ಹಾಲು. ಮಗಳು ಎಷ್ಟೋ ದಿನ "ಸೂತ್ ಬೇಡ, ಹಾಲು ಕೊಡು" ಅಂತ ಹಟ ಮಾಡಿದಳು. ಜುಲೈನಲ್ಲಿ ಹಸುಗಳೇ ವಿಮಾನ ಹತ್ತಿ ಬಂದವು, ಸುಳ್ಳಲ್ಲ!

ಕತಾರಿನ ಸುದ್ದಿ ಚಾನೆಲ್ ಅಲ್ ಜಜೀರಾ ಮುಚ್ಚಿ ಅನ್ನುವುದೂ ಸೇರಿ 13 ಬೇಡಿಕೆ ಇಟ್ಟರು, ಕತಾರ್ ಒಪ್ಪಲಿಲ್ಲ. ಜಗಳ ಮೂರೂವರೆ ವರ್ಷ ಎಳೆಯಿತು. ನನಗೆ ತಟ್ಟಿದ್ದು ಅಂದರೆ ಯುಎಇಯ ದುಬೈ ದಾರಿ, ನೇರ ವಿಮಾನ ನಿಂತೇ ಹೋಗಿತ್ತು. ಅಕ್ಕ ಅಲ್ಲಿದ್ದಾಳೆ. ಒಂದು ಗಂಟೆ ಹಾರಿದರೆ ಸಿಗುತ್ತಿದ್ದವಳನ್ನು ನೋಡಲು ಮಸ್ಕತ್ ಸುತ್ತಿ ಹೋಗಬೇಕಾಯ್ತು, ಅರ್ಧ ದಿನ ಅಲ್ಲೇ ಹೋಯ್ತು. ಆದರೆ ಪಾಪ, ನಿಜವಾಗಿ ನೊಂದವರು ಗಡಿಯ ಆಚೆ ಮದುವೆಯಾಗಿದ್ದ ಕತಾರಿಗಳು. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ. 2021ರ ಜನವರಿಯಲ್ಲಿ ಸೌದಿಯ ಅಲ್ ಉಲಾದಲ್ಲಿ ರಾಜಿಗೆ ಸಹಿ ಬಿದ್ದು ಗಡಿ ತೆರೆಯಿತು. ಯುಎಇ ಮತ್ತು ಕತಾರ್ ಎಂಬೆಸಿ ಮತ್ತೆ ತೆರೆದದ್ದು 2023ರಲ್ಲಿ.

ಇಷ್ಟೆಲ್ಲದರ ನಡುವೆ ನಮ್ಮ ಭಾರತದ ಎಂಬೆಸಿ ಇದ್ದ ಕಡೆಯೇ ಇತ್ತು, ಪಾಸ್‌ಪೋರ್ಟ್ ಕೆಲಸ ನಡೆಯುತ್ತಲೇ ಇತ್ತು. ಹಾಗಾಗಿ ರಾಯಭಾರಿ ಚಿಂತೆ ಬಿಡು. ಕಂಪನಿಯವರು ಬಾಯಲ್ಲಿ ಹೇಳಿದ ಸಂಬಳವೇ ಕಾಗದದಲ್ಲಿ ಇದೆಯಾ ಅಂತ ಸಹಿ ಹಾಕುವ ಮೊದಲು ನೋಡು. ಅಮ್ಮನಿಗೆ ಹೇಳು, ಹೆಪ್ಪು ಕಟ್ಟಿ ಕಳಿಸುವುದು ಬೇಡ. ಆ ಎರಡು ಚಮಚದ್ದೇ ನಮ್ಮನೆಯಲ್ಲಿ ಇನ್ನೂ ನಡೆಯುತ್ತಿದೆ.