ಕ್ಯಾಲಿಫೋರ್ನಿಯಾದ ರಾಸ್ ಕೋಟೆಯನ್ನು ಕಟ್ಟಿದ ಇವಾನ್ ಕುಸ್ಕೋವ್ ಯಾರು?

ಉತ್ತರ ರಷ್ಯಾದ ತೋತ್ಮಾ ಪಟ್ಟಣದಲ್ಲಿ 1765ರಲ್ಲಿ ಹುಟ್ಟಿದ ಇವಾನ್ ಕುಸ್ಕೋವ್, 1790ರಲ್ಲಿ ವ್ಯಾಪಾರಿ ಅಲೆಕ್ಸಾಂಡರ್ ಬರಾನೋವ್ ಜೊತೆ ಅಲಾಸ್ಕಾದತ್ತ ಹೊರಟು, ಮುಂದೆ ಅಲಾಸ್ಕಾದಲ್ಲಿ ತುಪ್ಪಳ ವ್ಯಾಪಾರ ನಡೆಸುತ್ತಿದ್ದ ರಷ್ಯನ್-ಅಮೆರಿಕನ್ ಕಂಪನಿಯಲ್ಲಿ ಅವನ ಬಲಗೈ ಬಂಟನಾದವನು. ಅಲಾಸ್ಕಾದ ನೆಲೆಗಳಿಗೆ ಧಾನ್ಯವೂ ವ್ಯಾಪಾರಕ್ಕೆ ಕಡಲ ನೀರುನಾಯಿಯ ತುಪ್ಪಳವೂ ಬೇಕಾಗಿದ್ದರಿಂದ, ಅವನು 1808ರಿಂದ ಕ್ಯಾಲಿಫೋರ್ನಿಯಾದ ಕರಾವಳಿಯನ್ನು ಶೋಧಿಸಿ, 1812ರಲ್ಲಿ ಬೊಡೆಗಾ ಕೊಲ್ಲಿಯ ಉತ್ತರಕ್ಕೆ, ಅಲ್ಲಿನ ಮೂಲನಿವಾಸಿಗಳಾದ ಕಶಾಯ ಪೊಮೊ ಜನರ ನೆಲದಲ್ಲಿ, ರೆಡ್‌ವುಡ್ ಮರದ ಕೋಟೆಯನ್ನು ಕಟ್ಟಿದನು. ಜೊತೆಗಿದ್ದ ರಷ್ಯನ್ನರು ಸುಮಾರು 25 ಮಂದಿ, ಅಲಾಸ್ಕಾದ ಮೂಲನಿವಾಸಿಗಳು ಸುಮಾರು 80. ಚರ್ಮ ಹೊದಿಸಿದ ಕಿರಿದಾದ ದೋಣಿಗಳಲ್ಲಿ ಬೇಟೆಗೆ ಇಳಿಯುತ್ತಿದ್ದವರು ಈ ಮೂಲನಿವಾಸಿಗಳೇ. ವಸಾಹತಿನ ಕೀರ್ತಿಯನ್ನೆಲ್ಲ ಕುಸ್ಕೋವ್‌ನೊಬ್ಬನಿಗೇ ಕಟ್ಟುವುದು ನ್ಯಾಯವಲ್ಲ. 1821ರವರೆಗೆ ಆಡಳಿತ ನಡೆಸಿದ ಅವನು ತೋತ್ಮಾಕ್ಕೆ ಮರಳಿ 1823ರಲ್ಲಿ ತೀರಿಕೊಂಡನು. ಬೇಟೆ ಬರಿದಾಗಿ, ಬೆಳೆಯೂ ಕೈಕೊಟ್ಟ ಮೇಲೆ ಕಂಪನಿಯು 1841ರಲ್ಲಿ ಕೋಟೆಯನ್ನು ಕ್ಯಾಲಿಫೋರ್ನಿಯಾದ ಜಮೀನುದಾರ ಜಾನ್ ಸಟರ್‌ಗೆ ಮಾರಿತು.